ಕೆಲಸದಲ್ಲಿ ಪೆಟ್ಟಾದ್ರೆ ಡಾಕ್ಟ್ರನ್ನ ಆರಿಸೋದು ಯಾರು? ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮೋರಿಗೆ

ಹೊಸದಾಗಿ ಕೆಲಸಕ್ಕೆ ಸೇರಿದಾಗ ಎಚ್‌ಆರ್‌ನೋರು ಒಂದು ಕಟ್ಟು ಪೇಪರ್ ಕೊಡ್ತಾರಲ್ಲ, ಈಗೆಲ್ಲ ಪಿಡಿಎಫ್ ಕಳಿಸ್ತಾರೆ ಬಿಡಿ, ಅದ್ರಲ್ಲಿ 401ಕೆ, ಡೆಂಟಲ್, ವಿಷನ್ ಎಲ್ಲಾ ಕೂತ್ಕೊಂಡು ಓದ್ತೀವಿ, ಕಟ್ಟಿನ ತಳದಲ್ಲಿ ವರ್ಕರ್ಸ್ ಕಾಂಪೆನ್ಸೇಷನ್ ಅಂತ ಒಂದು ಪಾಂಪ್ಲೆಟ್ ಇರುತ್ತೆ, ಅದನ್ನ ಮಾತ್ರ ಯಾರೂ ತೆಗೆಯಲ್ಲ. ಕೆಲಸದಿಂದ ಪೆಟ್ಟಾದ್ರೆ ಟ್ರೀಟ್‌ಮೆಂಟ್ ಖರ್ಚು, ಕೆಲಸಕ್ಕೆ ಹೋಗಕ್ಕಾಗದ ದಿನಗಳ ಸಂಬಳದಲ್ಲಿ ಒಂದು ಭಾಗ ಕೊಡೋ ಇನ್ಶೂರೆನ್ಸ್ ಅದು. ಕ್ಯಾಲಿಫೋರ್ನಿಯಾದಲ್ಲಿ ಆ ಪಾಂಪ್ಲೆಟ್ ಕೊಡ್ಲೇಬೇಕು ಅಂತ ಕಾನೂನಿದೆ. ಅದ್ರ ಜೊತೆ ಒಂದು ಫಾರ್ಮ್ ಇರುತ್ತೆ, ನಂಬರ್ 9783. ನಾನು ಇಷ್ಟುದ್ದ ಬರೀತಿರೋದು ಮುಖ್ಯವಾಗಿ ಆ ಒಂದು ಪುಟದ ಫಾರ್ಮಿಗೋಸ್ಕರ. ಪೆಟ್ಟಾದ ದಿನದಿಂದ್ಲೇ ನಿಮ್ಮ ಡಾಕ್ಟ್ರ ಹತ್ರ ಹೋಗೋ ಹಕ್ಕು ಬೇಕು ಅಂದ್ರೆ ಪೆಟ್ಟಾಗೋಕೆ ಮುಂಚೆನೇ ಅದನ್ನ ತುಂಬಿ ಕೊಟ್ಟಿರ್ಬೇಕು, ಆಮೇಲೆ ಕೊಟ್ರೆ ಲೆಕ್ಕಕ್ಕಿಲ್ಲ.

ಮೊದಲು ಒಂದು ತಪ್ಪು ಕಲ್ಪನೆ ತೆಗೀಬೇಕು. ವರ್ಕರ್ಸ್ ಕಾಂಪ್ ಅಂದ್ರೆ ಕನ್‌ಸ್ಟ್ರಕ್ಷನ್‌ನಲ್ಲಿ ಮೇಲಿಂದ ಬಿದ್ದೋರಿಗೆ ಅಂತ ನಮ್ಮ ಐಟಿ ಜನ ಅಂದ್ಕೊಂಡಿರ್ತಾರೆ. ಹಂಗಲ್ಲ. ವರ್ಷಗಟ್ಟಲೆ ಕೀಬೋರ್ಡ್ ಕುಟ್ಟಿ ಮಣಿಕಟ್ಟು ಜೋಮು ಹಿಡಿಯೋದು, ಕತ್ತು ನೋವು, ಇವೂ ಬರುತ್ತೆ, ಒಂದೇ ಸಲ ಆಗಿರ್ಬೇಕು ಅಂತೇನಿಲ್ಲ, ದಿನಾ ಸ್ವಲ್ಪ ಸ್ವಲ್ಪ ಸವೆದು ಆದ್ರೂ ಕೆಲಸದಿಂದ ಆಗಿದ್ರೆ ಸಾಕು. ಮಂಗಳೂರು ಉಡುಪಿ ಕಡೆಯಿಂದ ಬಂದಿರೋ ನರ್ಸ್‌ಗಳು ಪೇಷಂಟನ್ನ ಎತ್ತಿ ಎತ್ತಿ ಸೊಂಟ ಹಾಳು ಮಾಡ್ಕೋತಾರೆ, ಎಚ್4 ಇಎಡಿ, ಅಂದ್ರೆ ಎಚ್1ಬಿಯೋರ ಗಂಡ ಹೆಂಡತಿಗೆ ಸಿಗೋ ಕೆಲಸದ ಪರ್ಮಿಟ್, ಅದ್ರ ಮೇಲೆ ವೇರ್‌ಹೌಸಲ್ಲೋ ಸ್ಟೋರಲ್ಲೋ ಕೆಲಸ ಮಾಡೋರಿದ್ದಾರೆ, ಇಂಡಿಯನ್ ರೆಸ್ಟೋರೆಂಟ್ ಕಿಚನ್‌ನಲ್ಲಿ ದೋಸೆ ಹಾಕೋ ನಮ್ಮ ಹುಡುಗರಿದ್ದಾರೆ. ಎಲ್ಲರೂ ಇದ್ರೊಳಗೇ ಬರ್ತಾರೆ. ಯಾರ ತಪ್ಪಿಂದ ಪೆಟ್ಟಾಯ್ತು ಅನ್ನೋ ವಿಚಾರಣೆ ಇಲ್ಲ, ಅದಕ್ಕೆ ಬದಲಾಗಿ ಸಾಮಾನ್ಯವಾಗಿ ಕಂಪನಿ ಮೇಲೆ ಕೋರ್ಟಿಗೆ ಹೋಗಂಗಿಲ್ಲ. ಸುಮಾರು 1910ರ ದಶಕದಲ್ಲಿ ಇಲ್ಲಿ ರಾಜ್ಯಗಳು ಒಂದೊಂದಾಗಿ ಮಾಡ್ಕೊಂಡ ಒಪ್ಪಂದ ಇದು, ಕ್ಯಾಲಿಫೋರ್ನಿಯಾ 1913ರಲ್ಲಿ ಕಡ್ಡಾಯ ಮಾಡ್ತು.

ಊರಲ್ಲಿ ಇಎಸ್‌ಐ ಕಾರ್ಡ್ ಇದ್ದ ಮನೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ಅಲ್ಲಿ ನಮ್ಮ ಏರಿಯಾಕ್ಕೆ ಯಾವ ಡಿಸ್ಪೆನ್ಸರಿ ಬರುತ್ತೋ ಅಲ್ಲೇ ಹೋಗ್ಬೇಕು, ದೊಡ್ಡದು ಏನಾದ್ರೂ ಆದ್ರೆ ಅಲ್ಲಿಂದ ಚೀಟಿ ಬರೆಸ್ಕೊಂಡು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ. ಇಲ್ಲಿ ವ್ಯತ್ಯಾಸ ಏನಂದ್ರೆ ಸರ್ಕಾರಿ ಡಿಸ್ಪೆನ್ಸರಿ ಜಾಗದಲ್ಲಿ ಇನ್ಶೂರೆನ್ಸ್ ಕಂಪನಿ ಕೂತಿರುತ್ತೆ, ದುಡ್ಡು ಕೊಡೋರು ಅವರೇ, ಡಾಕ್ಟ್ರ ಲಿಸ್ಟ್ ಮಾಡೋರೂ ಅವರೇ. ಹಂಗಾಗಿ ಡಾಕ್ಟ್ರನ್ನ ಆರಿಸೋದು ಯಾರು ಅನ್ನೋದು ಇಲ್ಲಿ ನೂರು ವರ್ಷದಿಂದ ಜಗಳದ ವಿಷಯ.

ಈಗ ಫಾರ್ಮಿಗೆ ಬರೋಣ. ಇದಕ್ಕೆ ಪ್ರಿಡೆಸಿಗ್ನೇಷನ್ ಅಂತಾರೆ. ಅಂದ್ರೆ ನಂಗೆ ಕೆಲಸದಲ್ಲಿ ಏನಾದ್ರೂ ಆದ್ರೆ ನನ್ನ ಫ್ಯಾಮಿಲಿ ಡಾಕ್ಟ್ರೇ ನೋಡ್ಕೋತಾರೆ ಅಂತ ಮುಂಚೆನೇ ಬರೆದು ಕೊಡೋದು. ಷರತ್ತು ಇದೆ, ಆದ್ರೆ ಕಷ್ಟದ್ದೇನಲ್ಲ. ಪೆಟ್ಟಾದ ದಿನ ನಿಮಗೆ ಮಾಮೂಲಿ ಹೆಲ್ತ್ ಇನ್ಶೂರೆನ್ಸ್ ಇರ್ಬೇಕು, ಆ ಡಾಕ್ಟ್ರು ನಿಮ್ಮನ್ನ ಈ ಮುಂಚೆ ನೋಡಿರ್ಬೇಕು, ನಿಮ್ಮ ರೆಕಾರ್ಡ್ ಅವರ ಹತ್ರ ಇರ್ಬೇಕು, ಫ್ಯಾಮಿಲಿ ಫಿಸಿಷಿಯನ್ನೋ ಇಂಟರ್ನಿಸ್ಟೋ ಆ ಥರ ಪ್ರೈಮರಿ ಕೇರ್‌ನೋರು ಆಗಿರ್ಬೇಕು, ಮೂಳೆ ಸ್ಪೆಷಲಿಸ್ಟ್ ಹೆಸರು ನೇರವಾಗಿ ಬರೆಯಕ್ಕಾಗಲ್ಲ. ಫಾರ್ಮಲ್ಲಿ ಕೇಳೋದು ಇಷ್ಟೇ, ಡಾಕ್ಟ್ರ ಹೆಸರು ವಿಳಾಸ ಫೋನು, ನಿಮ್ಮ ಹೆಸರು ವಿಳಾಸ, ಇನ್ಶೂರೆನ್ಸ್ ಪ್ಲಾನ್ ಹೆಸರು, ನಿಮ್ಮ ಸೈನು ತಾರೀಕು, ಕೆಳಗಡೆ ಡಾಕ್ಟ್ರು ಒಪ್ಕೊಂಡಿದೀನಿ ಅಂತ ಸೈನ್ ಹಾಕೋ ಜಾಗ. ಡಾಕ್ಟ್ರೇ ಹಾಕ್ಬೇಕು ಅಂತಿಲ್ಲ, ಅವರು ಹೇಳಿದ ಸ್ಟಾಫ್ ಹಾಕಿದ್ರೂ ನಡೆಯುತ್ತೆ, ಬೇರೆ ಕಾಗದದಲ್ಲಿ ಒಪ್ಪಿಗೆ ಬರೆದುಕೊಟ್ರೂ ನಡೆಯುತ್ತೆ.

ಎಡವೋದು ಆ ಕೊನೇ ಸೈನಲ್ಲೇ. ತುಂಬಾ ಡಾಕ್ಟ್ರುಗಳು ವರ್ಕರ್ಸ್ ಕಾಂಪ್ ಬೇಡಪ್ಪಾ ಅಂತಾರೆ. ಅವರದ್ದೂ ತಪ್ಪಲ್ಲ, ರಾಜ್ಯ ನಿಗದಿ ಮಾಡಿದ ಫೀಸಿಗೆ ಕೆಲಸ ಮಾಡ್ಬೇಕು, ಒಂದೊಂದು ವಿಸಿಟ್ಟಿಗೂ ರಿಪೋರ್ಟ್ ಬರೀಬೇಕು, ಒಂದು ಎಮ್‌ಆರ್‌ಐಗೆ ಕೂಡ ಇನ್ಶೂರೆನ್ಸ್ ಜೊತೆ ಗುದ್ದಾಡ್ಬೇಕು. ಅದಕ್ಕೆ ವರ್ಷದ ಚೆಕಪ್ಪಿಗೆ ಹೋದಾಗ ಫಾರ್ಮ್ ಪ್ರಿಂಟ್ ತಗೊಂಡೇ ಹೋಗಿ, ಮುಖಾಮುಖಿ ಕೇಳಿದ್ರೆ ಹೂಂ ಅನ್ನೋ ಚಾನ್ಸ್ ಜಾಸ್ತಿ. ಒಬ್ಬರೇ ಡಾಕ್ಟ್ರು ಒಪ್ಪದಿದ್ರೆ ದೊಡ್ಡ ಮೆಡಿಕಲ್ ಗ್ರೂಪ್ ಹೆಸರಲ್ಲೂ ಮಾಡ್ಬಹುದು. ತುಂಬಿದ ಮೇಲೆ ಎಚ್‌ಆರ್‌ಗೆ ಇಮೇಲಲ್ಲಿ ಕಳಿಸಿ, ಕಳಿಸಿದ್ದಕ್ಕೆ ಸಾಕ್ಷಿ ಇಟ್ಕೊಳ್ಳಿ, ಆಫೀಸ್ ಇಮೇಲಲ್ಲಿ ಮಾತ್ರ ಇಟ್ಕೊಂಡ್ರೆ ಲೇಆಫ್ ಆದ ದಿನ ಅದೂ ಹೋಗುತ್ತೆ. ಕೆಲಸ ಬದಲಾಯಿಸಿದ್ರೆ ಹೊಸ ಕಂಪನಿಗೆ ಮತ್ತೆ ಕೊಡ್ಬೇಕು. ಇಷ್ಟು ಮಾಡಿಟ್ರೆ ನಿಮ್ಮ ಡಾಕ್ಟ್ರು ಮುಂದೆ ಕಳಿಸೋ ಸ್ಪೆಷಲಿಸ್ಟ್ ಕೂಡ ಇನ್ಶೂರೆನ್ಸ್‌ನೋರ ಲಿಸ್ಟಲ್ಲಿ ಇರ್ಲೇಬೇಕು ಅಂತಿಲ್ಲ, ಅದೇ ದೊಡ್ಡ ಲಾಭ.

ಫಾರ್ಮ್ ಕೊಟ್ಟಿಲ್ಲ, ಪೆಟ್ಟಾಗೋಯ್ತು, ಈಗೇನು? ಇಲ್ಲಿ ಎರಡು ದಾರಿ. ಕಂಪನಿಗೆ ಮೆಡಿಕಲ್ ಪ್ರೊವೈಡರ್ ನೆಟ್‌ವರ್ಕ್ (ಎಮ್‌ಪಿಎನ್), ಅಂದ್ರೆ ಕೆಲಸದ ಪೆಟ್ಟಿಗೆ ಅಂತ ಮುಂಚೆನೇ ಗೊತ್ತು ಮಾಡಿಟ್ಟ ಡಾಕ್ಟ್ರುಗಳ ಲಿಸ್ಟ್, ಇದೆಯಾ ಇಲ್ವಾ ಕೇಳಿ. ಇಲ್ಲ ಅಂದ್ರೆ ಮೊದಲ 30 ದಿನ ಅವರು ಹೇಳಿದ ಡಾಕ್ಟ್ರು, ಆಮೇಲೆ ನಿಮ್ಮಿಷ್ಟ, ಅಷ್ಟೇ. ಆದ್ರೆ ದೊಡ್ಡ ಕಂಪನಿಗಳಲ್ಲಿ ಇದ್ದೇ ಇರುತ್ತೆ ಅಂದ್ಕೊಳ್ಳಿ. 2004ರಲ್ಲಿ ಪ್ರೀಮಿಯಂ ವಿಪರೀತ ಏರಿದೆ ಅಂತ ಬಿಸಿನೆಸ್‌ನೋರು ಕೂಗಾಡಿದಾಗ ಗವರ್ನರ್ ಶ್ವಾರ್ಜ್‌ನೆಗರ್ ಸೈನ್ ಹಾಕಿದ ಎಸ್‌ಬಿ 899 ಅನ್ನೋ ಕಾಯ್ದೆಯಿಂದ ಈ ನೆಟ್‌ವರ್ಕ್‌ಗಳು ಬಂದ್ವು, 2005ರಿಂದ ಜಾರಿ. ಅದಕ್ಕೆ ಮುಂಚೆ 30 ದಿನ ಆದ್ಮೇಲೆ ಯಾರ ಹತ್ರ ಬೇಕಾದ್ರೂ ಹೋಗ್ಬಹುದಿತ್ತು, ಈಗ ನೆಟ್‌ವರ್ಕ್ ಇದ್ರೆ ಅದರೊಳಗೇ ಇರ್ಬೇಕು.

ಒಳಗೇ ಇರ್ಬೇಕು ಅಂದ ಮಾತ್ರಕ್ಕೆ ಅವರು ಕೈತೋರಿಸಿದ ಡಾಕ್ಟ್ರೇ ಗತಿ ಅಂತಲ್ಲ, ಇದನ್ನ ಯಾರೂ ಬಾಯ್ಬಿಟ್ಟು ಹೇಳಲ್ಲ. ಮೊದಲನೇ ವಿಸಿಟ್ ಮಾತ್ರ ಕಂಪನಿ ಹೇಳಿದ ಕಡೆ. ಅದಾದ ಮೇಲೆ ಯಾವಾಗ ಬೇಕಾದ್ರೂ ನೆಟ್‌ವರ್ಕ್ ಲಿಸ್ಟಲ್ಲಿರೋ, ನಿಮ್ಮ ಪೆಟ್ಟಿಗೆ ಸಂಬಂಧಪಟ್ಟ ಬೇರೆ ಡಾಕ್ಟ್ರಿಗೆ ಬದಲಾಯಿಸ್ಕೋಬಹುದು. ಪ್ರೈಮರಿ ಡಾಕ್ಟ್ರು ಮನೆಯಿಂದಲೋ ಆಫೀಸಿಂದಲೋ 15 ಮೈಲಿ ಅಥವಾ 30 ನಿಮಿಷದೊಳಗೆ, ಸ್ಪೆಷಲಿಸ್ಟ್ 30 ಮೈಲಿ ಅಥವಾ 60 ನಿಮಿಷದೊಳಗೆ ಸಿಗೋ ಹಾಗೆ ಲಿಸ್ಟ್ ಇರ್ಬೇಕು ಅನ್ನೋದು ನಿಯಮ. ಅಪಾಯಿಂಟ್‌ಮೆಂಟ್ ಹುಡುಕಿ ಕೊಡೋಕೆ ಅಂತಲೇ ಮೆಡಿಕಲ್ ಆಕ್ಸೆಸ್ ಅಸಿಸ್ಟೆಂಟ್ ಅಂತ ಒಬ್ಬರನ್ನ ನೆಟ್‌ವರ್ಕ್‌ನೋರು ಇಟ್ಟಿರ್ಬೇಕು, ಅವರಿಗೆ ಫೋನ್ ಮಾಡಿ. ಡಾಕ್ಟ್ರು ಹೇಳಿದ ರೋಗ ಅಥವಾ ಟ್ರೀಟ್‌ಮೆಂಟ್ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಸೆಕೆಂಡ್ ಒಪೀನಿಯನ್, ಅದೂ ಆಗ್ಲಿಲ್ಲ ಅಂದ್ರೆ ಥರ್ಡ್ ಒಪೀನಿಯನ್ ಕೂಡ ಇದೆ.

ನಂಗೆ ಗೊತ್ತಿರೋ ಹಾಸನದ ಕಡೆ ಹುಡುಗ ಒಬ್ಬ ವೇರ್‌ಹೌಸಲ್ಲಿ ಭುಜ ಉಳುಕಿಸ್ಕೊಂಡ. ಕಂಪನಿಯೋರು ಕಳಿಸಿದ ಕ್ಲಿನಿಕ್ಕಲ್ಲಿ ಐಸ್ ಇಡು, ಐಬುಪ್ರೊಫೆನ್ ತಗೋ, ನಾಳೆಯಿಂದ ಮಾಮೂಲಿ ಕೆಲಸ ಮಾಡು ಅಂತ ಬರೆದುಕೊಟ್ರು. ಸೂಪರ್‌ವೈಸರ್ ಬೇರೆ, ನಮ್ಮ ಡಾಕ್ಟ್ರು ಇವರೇ, ಬೇರೆಯೋರ ಹತ್ರ ಹೋದ್ರೆ ನಿನ್ನ ಕೈಯಿಂದ ಕಟ್ಟಬೇಕಾಗುತ್ತೆ ಅಂದ. ಅವನು ತಲೆ ಅಲ್ಲಾಡಿಸ್ಕೊಂಡು ಬಂದುಬಿಟ್ಟಿದ್ದ, ನಮ್ಮ ಗುಂಪಿನ ಒಬ್ಬರು ಅಕ್ಕ ಜೋರು ಮಾಡಿದ ಮೇಲೆ ಇನ್ಶೂರೆನ್ಸ್‌ನಲ್ಲಿ ಅವನ ಕ್ಲೇಮ್ ನೋಡ್ಕೊಳ್ಳೋ ಅಡ್ಜಸ್ಟರ್‌ಗೆ ಎರಡೇ ಸಾಲಿನ ಇಮೇಲ್ ಹಾಕಿದ, ನಂಗೆ ಎಮ್‌ಪಿಎನ್ ಲಿಸ್ಟ್ ಕಳಿಸಿ, ಟ್ರೀಟಿಂಗ್ ಡಾಕ್ಟ್ರನ್ನ ಬದಲಾಯಿಸ್ತಿದೀನಿ ಅಂತ. ಲಿಸ್ಟ್ ಬಂತು. ಅದ್ರಲ್ಲಿ ಅರ್ಧ ನಂಬರ್‌ಗೆ ಫೋನ್ ಮಾಡಿದ್ರೆ ಹೊಸ ಪೇಷಂಟ್ ತಗೊಳಲ್ಲ ಅಂದ್ರು, ಅದು ಇಲ್ಲಿ ಮಾಮೂಲು, ಆದ್ರೂ ಕೊನೆಗೆ ಒಬ್ಬ ಆರ್ಥೋಪೆಡಿಕ್ ಸಿಕ್ಕಿದ್ರು, ಎಮ್‌ಆರ್‌ಐ ಮಾಡಿಸಿದ್ರು, ಟೆಂಡನ್ ಹರಿದಿತ್ತು.

ಡಾಕ್ಟ್ರ ಆಯ್ಕೆಗೆ ಇಷ್ಟ್ಯಾಕೆ ಒದ್ದಾಡ್ಬೇಕು, ಮಾತ್ರೆ ಯಾರು ಕೊಟ್ರೂ ಅದೇ ಮಾತ್ರೆ ಅಲ್ವಾ ಅನ್ನೋರಿದ್ದಾರೆ. ಮಾತ್ರೆ ಅದೇ, ರಿಪೋರ್ಟ್ ಅದೇ ಅಲ್ಲ. ಪ್ರೈಮರಿ ಟ್ರೀಟಿಂಗ್ ಫಿಸಿಷಿಯನ್, ಅಂದ್ರೆ ನಿಮ್ಮ ಟ್ರೀಟ್‌ಮೆಂಟ್ ನೋಡ್ಕೊಳ್ಳೋ ಮುಖ್ಯ ಡಾಕ್ಟ್ರು, ಬರೆಯೋ ಕಾಗದದ ಮೇಲೇ ಎಲ್ಲಾ ನಿಂತಿರುತ್ತೆ. ಈ ಪೆಟ್ಟು ಕೆಲಸದಿಂದ ಆಗಿದ್ದಾ, ನೀವು ಎಷ್ಟು ಪೌಂಡ್ ಎತ್ತಬಹುದು, ರಜೆ ಬೇಕಾ, ಶಾಶ್ವತವಾಗಿ ಏನಾದ್ರೂ ಊನ ಉಳೀತಾ. ಕೆಲಸಕ್ಕೆ ಹೋಗಕ್ಕಾಗದ ದಿನಗಳಿಗೆ ಸಂಬಳದ ಸುಮಾರು ಮೂರರಲ್ಲಿ ಎರಡು ಭಾಗ ಬರುತ್ತೆ, ಅದೂ ಡಾಕ್ಟ್ರು ಬರೆದ್ರೆ ಮಾತ್ರ. ಇನ್ನು ನಮ್ಮ ಜನ ಡಾಕ್ಟ್ರ ಮುಂದೆ ಕೂತ್ರೆ ಹೆಂಗಿದೆ ಅಂದ ತಕ್ಷಣ ಪರ್ವಾಗಿಲ್ಲ ಡಾಕ್ಟ್ರೇ ಅಂತೀವಿ, ಸಂಕೋಚ. ಅದು ರಿಪೋರ್ಟಲ್ಲಿ ಪೇಷಂಟ್ ಸುಧಾರಿಸಿದ್ದಾರೆ ಅಂತ ಕೂರುತ್ತೆ, ಮೂರು ತಿಂಗಳಾದ್ಮೇಲೆ ಅಡ್ಜಸ್ಟರ್ ಅದೇ ಸಾಲು ಹಿಡ್ಕೊಂಡು ಫಿಸಿಯೋಥೆರಪಿ ನಿಲ್ಲಿಸ್ತಾನೆ. ಹಾಗೆ ಮಾಡ್ಬೇಡಿ. ಬಾಚಣಿಗೆ ಹಿಡಿದು ಕೈ ಮೇಲೆತ್ತಕ್ಕಾಗ್ತಿಲ್ಲ, ಕುಕ್ಕರ್ ಎತ್ತಿ ಸಿಂಕಿಗೆ ಇಡಕ್ಕಾಗ್ತಿಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗಿದ್ರೆ ಎಚ್ಚರ ಆಗುತ್ತೆ, ಹೀಗೆ ಬಿಡಿಬಿಡಿಯಾಗಿ ಹೇಳಿ. ಇಂಗ್ಲಿಷಲ್ಲಿ ಹೇಳೋಕೆ ಕಷ್ಟ ಆದ್ರೆ ಇಂಟರ್‌ಪ್ರೆಟರ್ ಕೇಳೋ ಹಕ್ಕಿದೆ, ಖರ್ಚು ಇನ್ಶೂರೆನ್ಸ್‌ದು. ಕೆಲವೊಮ್ಮೆ ಇನ್ಶೂರೆನ್ಸ್ ಕಡೆಯಿಂದ ನರ್ಸ್ ಕೇಸ್ ಮ್ಯಾನೇಜರ್ ಅಂತ ಒಬ್ಬರು ಜೊತೆಗೆ ಬರ್ತಾರೆ, ತುಂಬಾ ನಯವಾಗಿ ಮಾತಾಡ್ತಾರೆ, ಪರೀಕ್ಷೆ ಮಾಡೋವಾಗ ಹೊರಗಿರಿ ಅಂತ ನೀವು ಹೇಳ್ಬಹುದು.

ಡಾಕ್ಟ್ರು ನಿಮ್ಮೋರೇ ಆದ್ರೂ ಅವರು ಕೇಳಿದ್ದೆಲ್ಲಾ ಸಿಗಲ್ಲ. ಅವರು ಹಾಕೋ ರಿಕ್ವೆಸ್ಟನ್ನ ಯುಟಿಲೈಸೇಷನ್ ರಿವ್ಯೂ ಅಂತ ಇನ್ಶೂರೆನ್ಸ್ ಕಡೆಯ ಇನ್ನೊಬ್ಬ ಡಾಕ್ಟ್ರು, ನಿಮ್ಮ ಮುಖನೂ ನೋಡದೆ, ಕಾಗದ ನೋಡಿ ಹೂಂ ಅಥವಾ ಉಹೂಂ ಅಂತಾರೆ. ಉಹೂಂ ಅಂದ್ರೆ 30 ದಿನದೊಳಗೆ ಇಂಡಿಪೆಂಡೆಂಟ್ ಮೆಡಿಕಲ್ ರಿವ್ಯೂಗೆ, ಅಂದ್ರೆ ಹೊರಗಿನ ಡಾಕ್ಟ್ರು ಮತ್ತೆ ನೋಡ್ಲಿ ಅಂತ, ಹಾಕ್ಬೇಕು, ಬರೀ ಔಷಧಿ ಪಟ್ಟಿಯ ತಕರಾರಾದ್ರೆ 10 ದಿನ ಮಾತ್ರ. ಫಾರ್ಮ್ ಉಹೂಂ ಅಂದ ಲೆಟರ್ ಜೊತೆನೇ ಬಂದಿರುತ್ತೆ, ಜಾಹೀರಾತು ಅಂತ ಎಸೀಬೇಡಿ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತಿ ಕೆಟ್ಟ ಭಾಗ ಇದು, ಡಾಕ್ಟ್ರನ್ನ ಆರಿಸೋ ಹಕ್ಕು ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಂಡ ಹಾಗೆ. ಕ್ಯೂಎಮ್‌ಇ (ಕ್ವಾಲಿಫೈಡ್ ಮೆಡಿಕಲ್ ಇವ್ಯಾಲ್ಯುಯೇಟರ್) ಅನ್ನೋದು ಬೇರೆ, ಅವರು ಟ್ರೀಟ್‌ಮೆಂಟ್ ಕೊಡಲ್ಲ, ಜಗಳ ಬಿದ್ದಾಗ ಪರೀಕ್ಷೆ ಮಾಡಿ ರಿಪೋರ್ಟ್ ಬರೆಯೋರು, ರಾಜ್ಯ ಕಳಿಸೋ ಮೂರು ಹೆಸರಿನ ಪ್ಯಾನೆಲ್‌ನಿಂದ ಬರ್ತಾರೆ.

ವೀಸಾ ಭಯದ ಬಗ್ಗೆ. ಎಚ್1ಬಿ ಇದೆ, ಕ್ಲೇಮ್ ಹಾಕಿದ್ರೆ ಕೆಲಸ ತೆಗೆದುಬಿಡ್ತಾರೆ, ಸುಮ್ನೆ ಮನೇಲಿ ಬಿದ್ದೆ ಅಂತ ಹೇಳಿ ಸ್ವಂತ ಇನ್ಶೂರೆನ್ಸಲ್ಲಿ ತೋರಿಸ್ಕೋತೀನಿ ಅಂತ ನಮ್ಮಲ್ಲಿ ತುಂಬಾ ಜನ ಮಾಡ್ತಾರೆ. ಇದು ಎರಡು ಕಡೆ ಹೊಡೆಯುತ್ತೆ. ಹೆಲ್ತ್ ಪ್ಲಾನ್‌ಗಳು ಸಾಮಾನ್ಯವಾಗಿ ಕೆಲಸದ ಪೆಟ್ಟಿಗೆ ದುಡ್ಡು ಕೊಡಲ್ಲ, ಆಮೇಲೆ ಸತ್ಯ ಹೇಳೋಕೆ ಹೋದ್ರೆ ನಿಮ್ಮದೇ ಹಳೇ ಮಾತು ಅಡ್ಡ ಬರುತ್ತೆ. ಇಲ್ಲಿಯ ಕಾನೂನು ಈ ವಿಷಯದಲ್ಲಿ ಇಮಿಗ್ರೇಷನ್ ಸ್ಟೇಟಸ್ ನೋಡಲ್ಲ, ಪೇಪರ್ ಇಲ್ಲದೋರಿಗೂ ಟ್ರೀಟ್‌ಮೆಂಟ್ ಹಕ್ಕಿದೆ, ಕ್ಲೇಮ್ ಹಾಕಿದ್ದಕ್ಕೆ ಶಿಕ್ಷೆ ಕೊಡೋದು ಲೇಬರ್ ಕೋಡ್ 132ಎ ಪ್ರಕಾರ ತಪ್ಪು. ಭಯ ಇದ್ರಿಂದ ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ, ಆದ್ರೆ ಪೆಟ್ಟಾಗಿ 30 ದಿನದೊಳಗೆ ಬರವಣಿಗೆಯಲ್ಲಿ ಮ್ಯಾನೇಜರ್‌ಗೆ ತಿಳಿಸಿ, ಅದು ಬಿಡ್ಬೇಡಿ. ತಿಳಿಸಿದ ಒಂದು ವರ್ಕಿಂಗ್ ಡೇ ಒಳಗೆ ಅವರು ಡಿಡಬ್ಲ್ಯುಸಿ-1 ಅನ್ನೋ ಕ್ಲೇಮ್ ಫಾರ್ಮ್ ಕೊಡ್ಬೇಕು. ಅದನ್ನ ತುಂಬಿ ಕೊಟ್ಟ ಮರುದಿನದಿಂದ್ಲೇ, ಕ್ಲೇಮ್ ಒಪ್ಪೋದೋ ಬಿಡೋದೋ ಇನ್ನೂ ತೀರ್ಮಾನ ಆಗಿಲ್ಲ ಅಂದ್ರೂ, 10,000 ಡಾಲರ್ ತನಕ ಟ್ರೀಟ್‌ಮೆಂಟ್ ಮಂಜೂರು ಮಾಡ್ಬೇಕು. 90 ದಿನದೊಳಗೆ ಇಲ್ಲ ಅನ್ನದಿದ್ರೆ ಕ್ಲೇಮ್ ಒಪ್ಪಿದ ಲೆಕ್ಕ. ಕೋಪೇ ಗೀಪೇ ಏನೂ ಇಲ್ಲ, ಡಾಕ್ಟ್ರ ಹತ್ರ ಹೋಗಿ ಬರೋ ಕಾರಿನ ಮೈಲಿಗೂ ದುಡ್ಡು ಬರುತ್ತೆ. ತಲೆ ಕೆಟ್ರೆ ರಾಜ್ಯದ ಡಿವಿಷನ್ ಆಫ್ ವರ್ಕರ್ಸ್ ಕಾಂಪೆನ್ಸೇಷನ್ ಆಫೀಸಲ್ಲಿ ಇನ್ಫರ್ಮೇಷನ್ ಅಂಡ್ ಅಸಿಸ್ಟೆನ್ಸ್ ಆಫೀಸರ್ ಇರ್ತಾರೆ, ಫ್ರೀ, ವಕೀಲರ ಹತ್ರ ಓಡೋ ಮುಂಚೆ ಅವರನ್ನ ಕೇಳಿ.

ಇದೆಲ್ಲಾ ಕ್ಯಾಲಿಫೋರ್ನಿಯಾ ಕಥೆ. ಬೇರೆ ರಾಜ್ಯದಲ್ಲಿರೋ ಅಣ್ಣ ತಮ್ಮನಿಗೆ ಇದನ್ನೇ ಫಾರ್ವರ್ಡ್ ಮಾಡಿ ದಾರಿ ತಪ್ಪಿಸ್ಬೇಡಿ. ನ್ಯೂಜೆರ್ಸಿಯಲ್ಲಿ, ಎಡಿಸನ್ ಕಡೆ ನಮ್ಮೋರು ಅಷ್ಟು ಜನ ಇದಾರಲ್ಲ, ಅಲ್ಲಿ ಡಾಕ್ಟ್ರನ್ನ ಆರಿಸೋದು ಕಂಪನಿ ಅಥವಾ ಇನ್ಶೂರೆನ್ಸ್. ಹಡ್ಸನ್ ನದಿ ದಾಟಿ ನ್ಯೂಯಾರ್ಕಿಗೆ ಹೋದ್ರೆ ರಾಜ್ಯದ ಬೋರ್ಡ್ ಮಾನ್ಯತೆ ಕೊಟ್ಟಿರೋ ಡಾಕ್ಟ್ರುಗಳಲ್ಲಿ ನೀವೇ ಆರಿಸ್ಬಹುದು. ಇಲಿನಾಯ್‌ನಲ್ಲಿ ಎರಡು ಆಯ್ಕೆ, ಅವರು ಮುಂದೆ ಕಳಿಸೋ ಡಾಕ್ಟ್ರುಗಳು ಅದೇ ಲೆಕ್ಕದಲ್ಲಿ ಬರ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಕಂಪನಿ ಕನಿಷ್ಠ ಆರು ಹೆಸರಿನ ಲಿಸ್ಟ್ ಹಾಕಿದ್ರೆ 90 ದಿನ ಅದ್ರೊಳಗೇ, ಆಮೇಲೆ ನಿಮ್ಮಿಷ್ಟ. ಫ್ಲಾರಿಡಾದಲ್ಲಿ ಇನ್ಶೂರೆನ್ಸ್ ಹೇಳಿದೋರೇ, ಒಂದೇ ಒಂದು ಸಲ ಬದಲಾಯಿಸಿ ಅಂತ ಕೇಳ್ಬಹುದು. ಟೆಕ್ಸಸ್‌ನಲ್ಲಂತೂ ಖಾಸಗಿ ಕಂಪನಿ ವರ್ಕರ್ಸ್ ಕಾಂಪ್ ತಗೊಳ್ಲೇಬೇಕು ಅಂತನೇ ಇಲ್ಲ, ಡಲ್ಲಾಸ್ ಆಸ್ಟಿನ್‌ಗೆ ಶಿಫ್ಟ್ ಆಗೋ ಯೋಚನೆ ಇರೋರು ಆಫರ್ ಲೆಟರ್ ಬಂದಾಗ ಸಂಬಳದ ಜೊತೆ ಇದನ್ನೂ ಎಚ್‌ಆರ್‌ಗೆ ಕೇಳಿಬಿಡಿ.