ಗಡಗಡ ಅಂದ ಬೀಜ

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯ ಹೆಸರು ಕೇಳಿರುತ್ತೀರಿ. ರಾಮಪತ್ರೆ ಅಂದರೆ ಜಾಯಿಕಾಯಿ ಜಾತಿಯ ಕಾಡುಮರ, ಜಡ್ಡಿ ಅಂದರೆ ಅದು ಬೆಳೆಯುವ ಜೌಗು. ವರ್ಷವಿಡೀ ಕಾಲು ಹೂಳುವ ಕೆಸರು. ಮರಗಳ ಬುಡದಲ್ಲಿ ಊರುಗೋಲು ಕೊಟ್ಟ ಹಾಗೆ ಬೇರು. ಕೆಲವು ಬೇರು ಮಂಡಿ ಮಡಚಿದಂತೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗೆ ಹೋಗುತ್ತವೆ, ಉಸಿರಾಡಲಿಕ್ಕೆ. ಅಲ್ಲಿ ಸಿಕ್ಕಿದ ಗೇರಿನ ಜಾತಿಯ ಒಂದು ಮರಕ್ಕೆ 2000ರಲ್ಲಿ ವಿಜ್ಞಾನಿಗಳು ಕತ್ತಲೆಕಾನಿನ ಹೆಸರನ್ನೇ ಇಟ್ಟರು.

ನಮ್ಮ ಸೊಪ್ಪಿನ ಬೆಟ್ಟದ ಕೆಳಗೂ ಅಂಥದ್ದೊಂದು ಚೂರು ಜಡ್ಡಿ ಇದೆ. ಉಳಿದದ್ದಕ್ಕೆ ಅಜ್ಜನೇ ಕಾಲುವೆ ಹೊಡೆದು, ನೀರು ಬಸಿದು ಅಡಿಕೆ ತೋಟ ಮಾಡಿದ. ಇದ್ದ ಚೂರಿನಲ್ಲಿ ನಾಲ್ಕು ದೊಡ್ಡ ರಾಮಪತ್ರೆ ಮರ, ಒಂದೂ ಸಸಿ ಇರಲಿಲ್ಲ. ಅದಕ್ಕೇ ಸಸಿ ಮಾಡಲು ಹೊರಟೆ.

ಮೊದಲ ವರ್ಷ ಆರಿಸಿದ ಬೀಜವನ್ನು ಅಡಿಕೆಯಂತೆ ಅಂಗಳದಲ್ಲಿ ಹರವಿದೆ. ಒಣಗಿಸಿದ್ದು ಕೆಡುವುದಿಲ್ಲ ಅನ್ನುವುದು ನಮ್ಮ ಅಭ್ಯಾಸ, ಅಲ್ವಾ? ಹದಿನೈದು ದಿನ ಬಿಟ್ಟು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನುತ್ತಿತ್ತು. ಭಾರೀ ಖುಷಿಯಾಯ್ತು. ಬಿತ್ತಿದೆ. ಒಂದೂ ಹುಟ್ಟಲಿಲ್ಲ. ಗಡಗಡ ಅಂದರೆ ಒಳಗಿನ ತಿರುಳು ಸುಕ್ಕಿ ಸಿಪ್ಪೆ ಬಿಟ್ಟಿದೆ ಅಂತ. ಬೀಜ ಸತ್ತಿದೆ. ಇವು ಒಣಗಿದರೆ ಮುಗಿಯಿತು, ಡಬ್ಬದಲ್ಲಿ ತುಂಬಿಟ್ಟು ಬೇಕಾದಾಗ ಬಿತ್ತುವ ಜಾತಿಯಲ್ಲ.

ಮರುವರ್ಷ ಕಾಯಿ ಒಡೆದು, ಬೀಜಕ್ಕೆ ಸುತ್ತಿದ ಕೆಂಪು ಹೊದಿಕೆ, ಅಂದರೆ ಪತ್ರೆ, ಕಂಡ ಕೂಡಲೇ ಆರಿಸಿದೆ. ಏಡಿ ಕಚ್ಚಿದ್ದೇ ಜಾಸ್ತಿ, ಒಳ್ಳೆಯದು ಐವತ್ತು ಸಿಕ್ಕಿತು. ಪತ್ರೆ ಬಿಡಿಸಿ ಅದೇ ಸಂಜೆ ಸೋಗೆ ಚಪ್ಪರದ ಕೆಳಗೆ ಹಸಿ ಮರಳಲ್ಲಿ ಹೂತು, ಮೇಲೆ ಒಣ ಎಲೆಯ ದರಕು ಮುಚ್ಚಿದೆ. ಮೊದಲು ಬೇರು ಇಳಿಯುತ್ತದೆ, ಚಿಗುರು ಆಮೇಲೆ. ಚಿಗುರು ಕಾಣಲಿಲ್ಲ ಅಂತ ಸುಮ್ನೆ ಕೆದಕಿ ಮೂರು ಬೇರು ಮುರಿದೆ. ಸಸಿ ಇಡುವ ಚೀಲವೂ ಗಿಡ್ಡದ್ದು ಬೇಡ, ಬೇರು ತಳದಲ್ಲಿ ಸುತ್ತಿಕೊಳ್ಳುತ್ತದೆ.

ಮೂವತ್ತೊಂದು ಸಸಿ ಆದವು. ಎರಡು ವರ್ಷ ಚಪ್ಪರದಲ್ಲಿಟ್ಟು ಜಡ್ಡಿಗೆ ನೆಟ್ಟೆ. ಮರದ ನೆರಳಲ್ಲಿ, ಕೆಸರಲ್ಲಿ ಇದ್ದವು ನಿಂತವು. ಕಾಲುವೆ ಕಡೆಯವು ಬೇಸಿಗೆಯಲ್ಲಿ ನೆಲ ಬಿರಿದು ಸತ್ತವು. ಹಾಗಾಗಿ ಕಾಲುವೆಯ ಬಾಯಿಗೆ ಕಲ್ಲು ಮಣ್ಣು ತುಂಬಿದೆ. ಜಡ್ಡಿ ಈಗ ಏಪ್ರಿಲ್‌ನಲ್ಲೂ ಹಸಿ. ಆದರೆ ತೋಟದ ಮೇಲಿನ ಎರಡು ಸಾಲಿಗೂ ನೀರು ನಿಲ್ಲುತ್ತಿದೆ, ಅಡಿಕೆ ಸೋಗೆ ಹಳದಿಯಾಗುತ್ತಿದೆ. ಹೆಂಡತಿ ದಿನಾ ಅದನ್ನೇ ಎತ್ತುತ್ತಾಳೆ. ಆ ಎರಡು ಸಾಲು ಬಿಡುವುದೋ, ಕಲ್ಲು ತೆಗೆಯುವುದೋ, ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.