ತಾಯಿ ಕಾರ್ಡ್ ಎಸೆಯಬೇಡಿ, ಹೃದಯದ ಡಾಕ್ಟರಿಗೂ ಅದು ಬೇಕು
ಹೆರಿಗೆಯಾಗಿ ಎಷ್ಟೇ ವರ್ಷವಾಗಿರಲಿ, ತಾಯಿ ಕಾರ್ಡಿನಲ್ಲಿ ಬಿಪಿ, ಶುಗರ್ ಬರೆದಿರುವ ಪುಟದ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಬಿಪಿಗೋ ಎದೆನೋವಿಗೋ ಡಾಕ್ಟರ ಹತ್ತಿರ ಹೋದಾಗ, ಅವರು ಕೇಳದಿದ್ದರೂ ನೀವೇ ತೋರಿಸಿ. ಬಸುರಿಯಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವುದಕ್ಕೆ ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಅದು ಬಂದಿದ್ದವರಿಗೆ ಮುಂದೆ ಹೃದಯಾಘಾತ, ಪಾರ್ಶ್ವವಾಯು ಆಗುವ ಸಾಧ್ಯತೆ ಉಳಿದವರಿಗಿಂತ ಸುಮಾರು 2 ಪಟ್ಟು. ಬಸುರಿಯಲ್ಲಿ ಶುಗರ್ ಬಂದಿದ್ದವರಿಗೂ ಅಪಾಯ ಹೆಚ್ಚೇ. ಹೆರಿಗೆಯಾದ ಮೇಲೆ ಬಿಪಿ ಇಳಿಯುತ್ತದೆ, ಮನೆಯವರೆಲ್ಲ ಮಗುವಿನ ಕಡೆ ತಿರುಗುತ್ತಾರೆ, ತಾಯಿಯ ರಕ್ತನಾಳಗಳಿಗೆ ಬಿದ್ದ ಪೆಟ್ಟನ್ನು ಯಾರೂ ನೆನಪಿಡುವುದಿಲ್ಲ. ನನಗೆ ತುಂಬಾ ಬೇಸರ ತರುವ ವಿಷಯ ಇದು. ಹೀಗಿದ್ದವರು ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿ, ಶುಗರ್, ಕೊಲೆಸ್ಟ್ರಾಲ್ ಎಷ್ಟು ದಿನಕ್ಕೊಮ್ಮೆ ಎಂದು ಡಾಕ್ಟರನ್ನೇ ಕೇಳಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆಗೆ ದುಡ್ಡು ಕೊಡಬೇಕಿಲ್ಲ. ಕಾರ್ಡ್ ಕಳೆದಿದ್ದರೆ ಡಿಸ್ಚಾರ್ಜ್ ಚೀಟಿ ಹುಡುಕಿ, ಅದೂ ಇಲ್ಲದಿದ್ದರೆ ಬಾಯಲ್ಲೇ ಹೇಳಿ. ಆದರೆ ಕಾರ್ಡಿನಲ್ಲಿ ಎಲ್ಲ ಸರಿಯಿದೆ ಎಂದ ಮಾತ್ರಕ್ಕೆ ಹೃದಯ ಸುರಕ್ಷಿತ ಎಂದಲ್ಲ: ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ, ಹೊಗೆಸೊಪ್ಪು, ತವರಿನ ಕಡೆಯ ಹೃದಯ ಕಾಯಿಲೆ ಇವೆಲ್ಲ ಬೇರೆಯೇ ಲೆಕ್ಕ. ಇನ್ನು ಎದೆ ಬಿಗಿತ, ದವಡೆ ಅಥವಾ ಬೆನ್ನು ನೋವು, ಕಾರಣವಿಲ್ಲದ ಏದುಸಿರು, ತಣ್ಣನೆ ಬೆವರು ಒಮ್ಮೆಲೇ ಶುರುವಾದರೆ ಫೋಟೊ ಹುಡುಕುತ್ತ, ಗ್ಯಾಸ್ಟ್ರಿಕ್ ಎಂದುಕೊಳ್ಳುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ಹೋಗಿ.