ಮಾತ್ರೆ ನಿಂತರೂ ರೋಗಿ ಕೈತಪ್ಪಬಾರದು: ಹೃದಯದ ಔಷಧ ಪ್ರಯೋಗವನ್ನು ನಾವು ನಡೆಸುವ ರೀತಿ

ಹಾರ್ಟ್ ಫೇಲ್ಯೂರ್ (ಹೃದಯ ವೈಫಲ್ಯ) ಔಷಧಗಳ ಪ್ರಯೋಗಕ್ಕೆ ಸ್ಟಡಿ ಕೋಆರ್ಡಿನೇಟರ್ ಆಗಿ ಹೊಸದಾಗಿ ಬಂದವರ ಗಮನವೆಲ್ಲ ರೋಗಿಗಳನ್ನು ಸೇರಿಸಿಕೊಳ್ಳುವುದರ ಮೇಲೇ ಇರುತ್ತದೆ. ಪ್ರಯೋಗ ಮಾಡಿಸುವ ಸ್ಪಾನ್ಸರ್ ಕಡೆಯವರು ಕೇಳುವುದೂ ಅದನ್ನೇ: ಈ ತಿಂಗಳು ಎಷ್ಟು ಜನ? ಸೇರಿಸುವುದು ಕಷ್ಟವೇ, ಆದರೆ ಪ್ರಯೋಗ ಕೆಡುವುದು ಅಲ್ಲಿ ಅಲ್ಲ. ಸೇರಿದವರು ಎರಡು ವರ್ಷದ ನಂತರ ಬದುಕಿದ್ದಾರೋ ಇಲ್ಲವೋ ಎಂದು ಗೊತ್ತಾಗದೇ ಹೋದಾಗ ಕೆಡುತ್ತದೆ.

ಈ ಬಗೆಯ ಪ್ರಯೋಗದಲ್ಲಿ ಇಸಿಜಿ ಚೆನ್ನಾಗಿ ಕಂಡಿತು, ಬಿಪಿ ಇಳಿಯಿತು ಎಂಬುದಷ್ಟೇ ಸಾಲದು. ಹಾರ್ಟ್ ಅಟ್ಯಾಕ್ ಆದವರಲ್ಲಿ ತಪ್ಪು ಬಡಿತಗಳನ್ನು ಅಡಗಿಸುತ್ತಿದ್ದ ಎನ್‌ಕೈನೈಡ್, ಫ್ಲೆಕೈನೈಡ್ ಮಾತ್ರೆ ತಿಂದವರು ಪ್ಲಸೀಬೊ (ಔಷಧವಿಲ್ಲದ ತೋರಿಕೆಯ ಮಾತ್ರೆ) ತಿಂದವರಿಗಿಂತ ಹೆಚ್ಚಾಗಿ ಸತ್ತರೆಂದು 1989ರಲ್ಲಿ ಕಾಸ್ಟ್ ಪ್ರಯೋಗ ತೋರಿಸಿತು. ಆಮೇಲೆ ಸಾವು, ಆಸ್ಪತ್ರೆ ಸೇರಿಕೆಗಳ ಎಣಿಕೆಯೇ ಮುಖ್ಯವಾಯಿತು. ಡಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ ಮಾತ್ರೆಯ ಡಾಪಾ-ಎಚ್‌ಎಫ್ ಪ್ರಯೋಗ (2019) ನೋಡಿ. 20 ದೇಶಗಳ 410 ಕೇಂದ್ರಗಳಲ್ಲಿ 4,744 ರೋಗಿಗಳು. ಹೃದಯ ವೈಫಲ್ಯ ಬಿಗಡಾಯಿಸಿದ್ದು ಅಥವಾ ಹೃದಯ ಸಂಬಂಧಿ ಸಾವು ಕಂಡವರು ಔಷಧದ ಗುಂಪಿನಲ್ಲಿ 386, ಪ್ಲಸೀಬೊ ಗುಂಪಿನಲ್ಲಿ 502. ವ್ಯತ್ಯಾಸ 116. ಅದನ್ನು 410 ಕೇಂದ್ರಗಳಿಗೆ ಹಂಚಿದರೆ ಮೂರು-ನಾಲ್ಕು ಕೇಂದ್ರಕ್ಕೆ ಒಬ್ಬ ರೋಗಿ ಬೀಳುತ್ತಾನೆ. ಅಷ್ಟು ತೆಳುವಾದ ಅಂತರ ಅಳೆಯುವಾಗ ಒಂದೊಂದು ಕೇಂದ್ರವೂ ಇಬ್ಬರನ್ನು ಕಳೆದುಕೊಂಡರೆ ಏನು ಉಳಿದೀತು?

ಇದು ಬರೀ ಲೆಕ್ಕದ ಮಾತಲ್ಲ. ಹಾರ್ಟ್ ಅಟ್ಯಾಕ್ ನಂತರ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ರಿವರಾಕ್ಸಬಾನ್ ಕೊಟ್ಟು ನೋಡಿದ ಅಟ್ಲಾಸ್ ಎಸಿಎಸ್ 2 ಪ್ರಯೋಗದಲ್ಲಿ 15,526 ಜನರಿದ್ದರು, ಫಲಿತಾಂಶವೂ ಔಷಧದ ಪರವಾಗಿತ್ತು. ಆದರೆ ಮಧ್ಯದಲ್ಲಿ ಬಿಟ್ಟುಹೋಗಿ ಕೊನೆಗೆ ಏನಾದರೆಂದು ತಿಳಿಯದವರ ಸಂಖ್ಯೆ ದೊಡ್ಡದಿತ್ತು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಲಹಾ ಸಮಿತಿ ಎತ್ತಿದ ಮುಖ್ಯ ತಕರಾರು ಇದೇ. ಆ ಬಳಕೆಗೆ ಅಲ್ಲಿ ಒಪ್ಪಿಗೆ ಸಿಗಲಿಲ್ಲ.

ಎಲ್ಲ ಪ್ರಯೋಗಗಳೂ ಹೀಗಲ್ಲ ಅನ್ನಿ. ಬೆಂಗಳೂರಿನ ಸೇಂಟ್ ಜಾನ್ಸ್‌ನವರ ಮುಂದಾಳತ್ವದಲ್ಲಿ ನಡೆದ ಟಿಪ್ಸ್ ಪ್ರಯೋಗ (2009) ಐದು ಔಷಧಗಳನ್ನು ಒಂದೇ ಕ್ಯಾಪ್ಸೂಲಿನಲ್ಲಿಟ್ಟು, ಹೃದ್ರೋಗ ಇನ್ನೂ ಬಾರದ 2,053 ಜನರಲ್ಲಿ 12 ವಾರ ಬಿಪಿ, ಕೊಲೆಸ್ಟ್ರಾಲ್ ಅಳೆಯಿತು. ಅಂಥದ್ದರಲ್ಲಿ ಅಳತೆಯ ನಿಖರತೆ ದೊಡ್ಡದು. ನಮ್ಮ ಬಗೆಯದರಲ್ಲಿ ಜನರ ಜಾಡು ದೊಡ್ಡದು.

ಕೈತಪ್ಪುವಿಕೆ ಶುರುವಾಗುವುದು ಬಹುಪಾಲು ಒಂದೇ ಮಾತಿನಿಂದ: "ಮಾತ್ರೆ ಬೇಡ ಸಾರ್, ನಂಗೆ ತಲೆ ಸುತ್ತತ್ತೆ." ಕೋಆರ್ಡಿನೇಟರ್ ತಕ್ಷಣ ಫೈಲಿನಲ್ಲಿ "ಒಪ್ಪಿಗೆ ಹಿಂಪಡೆದಿದ್ದಾರೆ" ಎಂದು ಬರೆದುಬಿಡುತ್ತಾರೆ. ಅಲ್ಲಿಗೆ ಮುಗಿಯಿತು, ಮತ್ತೆ ಫೋನ್ ಮಾಡುವ ಹಕ್ಕೂ ಹೋಯಿತು. ರೋಗಿ ಬೇಡ ಎಂದದ್ದು ಮಾತ್ರೆಯನ್ನು ಮಾತ್ರ. ನಾವು ಕೇಳುವ ಕ್ರಮ ಹೀಗಿದೆ. ಡೋಸ್ ಇಳಿಸಿದರೆ ಆದೀತೇ? ಎರಡು ವಾರ ನಿಲ್ಲಿಸಿ ನೋಡೋಣವೇ? ಮಾತ್ರೆ ಪೂರ್ತಿ ಬಿಟ್ಟರೂ ತಪಾಸಣೆಗೆ ಬರುತ್ತೀರಾ? ಬರಲಾಗದಿದ್ದರೆ ನಾಲ್ಕು ತಿಂಗಳಿಗೊಮ್ಮೆ ಫೋನ್ ಮಾಡಲೇ? ನಿಮಗೆ ಬೇಡವೆಂದರೆ ಮಗನ ಹತ್ತಿರ ವಿಚಾರಿಸಲೇ? ಎಲ್ಲಿ "ಆಯ್ತು" ಎನ್ನುತ್ತಾರೋ ಅಲ್ಲಿ ನಿಲ್ಲುತ್ತೇವೆ, ಯಾವುದಕ್ಕೆ ಒಪ್ಪಿದರು ಯಾವುದಕ್ಕೆ ಇಲ್ಲ ಎಂದು ಅವರ ಮಾತಿನಲ್ಲೇ ಬರೆಯುತ್ತೇವೆ. ಎಲ್ಲವೂ ಬೇಡ ಎಂದರೆ ಕಾರಣ ಕೇಳಿ ಪೀಡಿಸುವಂತಿಲ್ಲ, ಅದು ಅವರ ಹಕ್ಕು. ಆಮೇಲೂ ಅವರ ಮಾಮೂಲಿ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು.

ಮೆಟ್ಟಿಲು ಮೆಟ್ಟಿಲಾಗಿ ಕೇಳುವ ಈ ಪ್ರಶ್ನೆಗಳ ಏಣಿ ಕೆಲಸ ಮಾಡಬೇಕಾದರೆ ಒಪ್ಪಿಗೆ ಪಡೆಯುವ ದಿನವೇ ಅಡಿಪಾಯ ಬಿದ್ದಿರಬೇಕು. ಮಾತ್ರೆ ಬಿಟ್ಟರೂ ಅಧ್ಯಯನದಲ್ಲಿ ಇರಬಹುದು ಎಂಬುದನ್ನು ಅಂದೇ ಹೇಳಿ, ಅವರ ಬಾಯಿಂದ ಮರಳಿ ಹೇಳಿಸಬೇಕು. ಒಪ್ಪಿಗೆ ಪತ್ರ ಇಪ್ಪತ್ತು ಪುಟ ದಾಟುತ್ತದೆ. ಮನೆಗೆ ಒಯ್ದು ಓದಿಸಿ ಮರುದಿನ ಬನ್ನಿ ಎನ್ನುವುದೇ ಒಳ್ಳೆಯದು. ಓದು ಬಾರದವರಾದರೆ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ವಿವರಣೆ ಮುಗಿಯುವವರೆಗೂ ಕೂತಿರಬೇಕು. ಕೊನೆಯಲ್ಲಿ ಸಹಿಗೆಂದು ವಾರ್ಡ್ ನರ್ಸನ್ನು ಕರೆತಂದರೆ ಅದು ಸಾಕ್ಷಿ ಅಲ್ಲ. ಹೊಸ ರಾಸಾಯನಿಕದ ಪ್ರಯೋಗವಾಗಿದ್ದು ರೋಗಿ ನಿಯಮ ಹೇಳುವ ದುರ್ಬಲ ವರ್ಗಕ್ಕೆ ಸೇರಿದ್ದರೆ, ಭಾರತದ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ 2019ರ ನಿಯಮಗಳ ಪ್ರಕಾರ ವಿಡಿಯೊ ರೆಕಾರ್ಡಿಂಗ್ ಕಡ್ಡಾಯ. ಸಹಿಯಾದ ಒಪ್ಪಿಗೆ ಪತ್ರದ ಒಂದು ನಕಲು ರೋಗಿಗೂ ಸಿಗಬೇಕು.

ಫೋನ್ ನಂಬರ್ ಕನಿಷ್ಠ ಮೂರು: ಅವರದು, ಬೇರೆ ಊರಲ್ಲಿರುವ ಮಗ ಅಥವಾ ಮಗಳದು, ಅಕ್ಕಪಕ್ಕದ ಮನೆಯವರದು ಅಥವಾ ಅಂಗಡಿಯವರದು. ಬರೆದುಕೊಂಡ ಕೂಡಲೇ ಎದುರಿಗೇ ರಿಂಗ್ ಮಾಡಿ ನೋಡಬೇಕು. ಪ್ರತಿ ಭೇಟಿಯಲ್ಲೂ ಮೂರನ್ನೂ ಮತ್ತೆ ಕೇಳಬೇಕು, ಸಿಮ್ ಬದಲಾಗುವುದಕ್ಕೆ ಹೊತ್ತು ಬೇಡ. ಬೇರೆಯವರಿಗೆ ಫೋನ್ ಮಾಡಲು ಒಪ್ಪಿಗೆ ಪತ್ರದಲ್ಲೇ ಅನುಮತಿ ಇರಬೇಕು, ಮಾಡಿದಾಗ ಕಾಯಿಲೆಯ ಹೆಸರು ಎತ್ತಬಾರದು. ಭೇಟಿಯ ದಿನಕ್ಕೆ ಸಾಮಾನ್ಯವಾಗಿ ಏಳು ದಿನ ಹಿಂದೆ ಮುಂದೆ ಸಡಿಲ ಇರುತ್ತದೆ. ಸುಗ್ಗಿ, ಜಾತ್ರೆ, ಮೊಮ್ಮಗಳ ಮದುವೆ ಕೇಳಿಕೊಂಡು ದಿನ ಗೊತ್ತುಮಾಡಿದರೆ ತಪ್ಪುವವರು ಕಡಿಮೆ. ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಿದ ಪ್ರಯಾಣದ ಖರ್ಚು ಅದೇ ದಿನ ಕೈಗೆ ಸೇರಬೇಕು. "ಬಿಲ್ ಪಾಸಾಗ್ಲಿ" ಎಂದರೆ ಮುಂದಿನ ಸಲ ಬರುವುದಿಲ್ಲ.

ಇನ್ನು ಮಾತ್ರೆಯ ಲೆಕ್ಕ. ದಿನಕ್ಕೆ ಎರಡರಂತೆ 84 ದಿನಕ್ಕೆ 168 ಬೇಕು. 196 ಕೊಟ್ಟಿದ್ದೆವು, 40 ವಾಪಸ್ ಬಂದವು ಎಂದುಕೊಳ್ಳಿ. ತಿಂದದ್ದು 156, ಅಂದರೆ ಶೇ 93. ಶೇ 80ರಿಂದ 120ರೊಳಗೆ ಇದ್ದರೆ ಪ್ರಯೋಗದ ಲಿಖಿತ ಯೋಜನೆಗಳಾದ ಹೆಚ್ಚಿನ ಪ್ರೋಟೊಕಾಲ್‌ಗಳು ಒಪ್ಪುತ್ತವೆ. ಪ್ರತಿ ಸಲವೂ ಸರಿಯಾಗಿ 28 ವಾಪಸ್ ಬಂದು ಶೇ 100 ಆಗುತ್ತಿದ್ದರೆ ನನಗೆ ಅನುಮಾನ. ಮೂರು ತಿಂಗಳಲ್ಲಿ ಒಂದು ಹೊತ್ತೂ ಮರೆಯದವರು ಅಪರೂಪ, ಆಸ್ಪತ್ರೆಗೆ ಹೊರಡುವ ಮುಂಚೆ ಹೆಚ್ಚಿನದನ್ನು ಸುರಿದು ಬರುವವರು ಇದ್ದಾರೆ. ಬೈಯುವುದಿಲ್ಲ, "ಯಾವ ಹೊತ್ತಿನದು ಜಾಸ್ತಿ ಮರೆಯತ್ತೆ?" ಎಂದು ಕೇಳುತ್ತೇವೆ. ಉತ್ತರ ಹೆಚ್ಚಾಗಿ ರಾತ್ರಿಯದು. ಖಾಲಿ ಬಾಟಲಿ ತರಲು ಹೇಳುವುದನ್ನು ಮರೆತರೆ ಅದು ಅಡುಗೆಮನೆಯಲ್ಲಿ ಏಲಕ್ಕಿ ತುಂಬಿಕೊಂಡು ಕೂತಿರುತ್ತದೆ.

ಮನೆಯ ಹಳೇ ಮಾತ್ರೆಗಳು ಇನ್ನೊಂದು ಅಪಾಯ. ಹೃದಯ ವೈಫಲ್ಯದ ಔಷಧವಾದ ಸಕುಬಿಟ್ರಿಲ್ ಇರುವ ಮಾತ್ರೆ ಶುರುಮಾಡುವ ಮುಂಚೆ ರಾಮಿಪ್ರಿಲ್, ಎನಲಾಪ್ರಿಲ್ ಥರದ ಹಳೇ ಬಿಪಿ, ಹೃದಯದ ಮಾತ್ರೆ ನಿಲ್ಲಿಸಿ 36 ಗಂಟೆ ಆಗಿರಬೇಕು, ಇಲ್ಲದಿದ್ದರೆ ತುಟಿ, ನಾಲಿಗೆ, ಗಂಟಲು ಊದಿಕೊಳ್ಳುವ ಅಪಾಯವಿದೆ. ಗಂಟೆ ಲೆಕ್ಕ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. "ಸೋಮವಾರ ರಾತ್ರಿ ಎಂಟಕ್ಕೆ ಹಳೇದು ಕೊನೆ, ಬುಧವಾರ ಬೆಳಗ್ಗೆ ಎಂಟಕ್ಕೆ ಹೊಸದು" ಎಂದು ಚೀಟಿ ಬರೆದುಕೊಟ್ಟು, ಹಳೇ ಸ್ಟ್ರಿಪ್ಪನ್ನು ತೆಗೆದಿಡಲು ಮನೆಯವರಿಗೆ ಹೇಳುತ್ತೇವೆ.

"ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ?" ಎಂದರೆ ಉತ್ತರ ಸದಾ "ಇಲ್ಲ". "ಮಂಡಿ ನೋವಿಗೆ ಏನು ತಗೋತೀರಿ?" ಎಂದು ಕೇಳಿ, ಮೆಡಿಕಲ್ ಸ್ಟೋರಿನಿಂದ ತಂದ ಡೈಕ್ಲೋಫೆನಾಕ್ ಹೊರಬರುತ್ತದೆ. ಕಾಲು ಊದಿದ್ದಕ್ಕೂ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ರಕ್ತದ ಅಳತೆ) ಏರಿದ್ದಕ್ಕೂ ಪ್ರಯೋಗದ ಔಷಧವನ್ನು ದೂರುವ ಮುಂಚೆ ಅದನ್ನು ನೋಡಬೇಕು. ಹಾಗೆಯೇ ರಕ್ತದ ಪೊಟ್ಯಾಸಿಯಂ ಏರಿಸಬಲ್ಲ ಸ್ಪಿರೊನೊಲ್ಯಾಕ್ಟೋನ್ ತಿನ್ನುತ್ತಿರುವವರ ಪೊಟ್ಯಾಸಿಯಂ 5.8ಕ್ಕೆ ಏರಿದ್ದರೆ, ಅದು ಹೆಚ್ಚಿರುವ ಎಳನೀರಿನ ಬಗ್ಗೆ ಕೇಳಿ. ತೆಂಗಿನ ತೋಟದವರಿಗೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಲೆಕ್ಕವೇ ಅಲ್ಲ. ರಕ್ತ ತೆಗೆದ ರೀತಿಯನ್ನೂ ನೋಡಿ: ಪಟ್ಟಿ ಬಹಳ ಹೊತ್ತು ಕಟ್ಟಿಟ್ಟರೆ, ಮುಷ್ಟಿ ಬಿಗಿದು ಬಿಚ್ಚಿಸಿದರೆ, ರಕ್ತಕಣ ಒಡೆದರೆ, ಸೆಂಟ್ರಿಫ್ಯೂಜ್ ತಡವಾದರೆ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ಸೀರಂ ಕೆಂಪಾಗಿ ಕಂಡರೆ ಅದೇ ದಿನ ಮತ್ತೆ ರಕ್ತ ತೆಗೆದು, ಇಸಿಜಿಯನ್ನೂ ಮಾಡಿಸುತ್ತೇವೆ. ಸುಳ್ಳು ಎಂದುಕೊಂಡು ನಿಜದ್ದನ್ನು ಬಿಟ್ಟುಬಿಡುವಂತಿಲ್ಲ.

ಘಟನೆ ಆದಾಗಿನ ಕೆಲಸ ಬೇರೆಯೇ. ಸಾವು, ಆಸ್ಪತ್ರೆ ಸೇರಿಕೆಯಂಥ ಗಂಭೀರ ಘಟನೆಯನ್ನು 24 ಗಂಟೆಯೊಳಗೆ ಕೇಂದ್ರ ಔಷಧ ನಿಯಂತ್ರಕರಿಗೆ, ಸ್ಪಾನ್ಸರ್‌ಗೆ, ಎಥಿಕ್ಸ್ ಕಮಿಟಿಗೆ ತಿಳಿಸಬೇಕು, ವಿಶ್ಲೇಷಣೆ ಸಹಿತ ವರದಿ 14 ದಿನದೊಳಗೆ. ಭಾನುವಾರವೂ ಗಡಿಯಾರ ನಿಲ್ಲುವುದಿಲ್ಲ. ಆದರೆ ಘಟನೆ ಯಾವ ಬಗೆಯದೆಂದು ತೀರ್ಮಾನಿಸುವ ಅಡ್ಜುಡಿಕೇಶನ್ ಸಮಿತಿಗೆ ಬೇಕಾದ ಕಾಗದ ಇದಕ್ಕಿಂತ ಹೆಚ್ಚು. ತಾಲ್ಲೂಕಿನ ನರ್ಸಿಂಗ್ ಹೋಮಿನ ಡಿಸ್ಚಾರ್ಜ್ ಸಾರಾಂಶದಲ್ಲಿ "ಔಷಧಗಳಿಂದಲೇ ಚಿಕಿತ್ಸೆ ನೀಡಲಾಯಿತು" ಎಂಬಂಥ ಒಂದು ಸಾಲು ಇರುತ್ತದೆ. ಹೃದಯ ವೈಫಲ್ಯದ ಸೇರಿಕೆ ಎಂದು ಸಮಿತಿ ಒಪ್ಪಬೇಕಾದರೆ ಉಸಿರಾಟದ ಕಷ್ಟ ಹೆಚ್ಚಿದ್ದಕ್ಕೆ, ಊತ ಅಥವಾ ಶ್ವಾಸಕೋಶದ ನೀರಿಗೆ, ರಕ್ತನಾಳದ ಮೂಲಕ ಲೇಸಿಕ್ಸ್ (ಮೂತ್ರ ಹೆಚ್ಚಿಸಿ ನೀರಿಳಿಸುವ ಔಷಧ) ಕೊಟ್ಟದ್ದಕ್ಕೆ ದಾಖಲೆ ಬೇಕು. ಅದು ಸಿಗುವುದು ನರ್ಸ್‌ಗಳ ಡ್ರಗ್ ಚಾರ್ಟಿನಲ್ಲಿ. ಸಾರಾಂಶ ಬಿಟ್ಟರೂ ಚಾರ್ಟಿನ ಪ್ರತಿ ಬಿಡಬೇಡಿ, ವಾರದೊಳಗೆ ಹೋಗಿ ಕೇಳಿ. ಸೇರಿದ ಮತ್ತು ಬಿಟ್ಟ ಗಂಟೆಯನ್ನೂ ಬರೆದುಕೊಳ್ಳಿ, 24 ಗಂಟೆ ತುಂಬಿತೇ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಮನೆಯಲ್ಲೇ ಸತ್ತರೆ ಮರಣ ಪತ್ರದಲ್ಲಿ "ಹೃದಯ ಸ್ತಂಭನ" ಎಂದಷ್ಟೇ ಇರುತ್ತದೆ, ಅದರಿಂದ ಏನೂ ತಿಳಿಯದು. 24 ಗಂಟೆಯ ವರದಿಗೆ ಬೇಕಾದಷ್ಟನ್ನು ಫೋನಿನಲ್ಲೇ ಕೇಳಿ, ಉಳಿದದ್ದಕ್ಕೆ ತಿಥಿ ಮುಗಿಯುವವರೆಗೆ ಕಾದು ಹೋಗುತ್ತೇವೆ. ಕೊನೆಯ ಸಲ ಚೆನ್ನಾಗಿದ್ದದ್ದನ್ನು ಯಾರು ನೋಡಿದರು, ಎಷ್ಟು ಹೊತ್ತಿಗೆ? ಎದೆನೋವು ಹೇಳಿದ್ದರೇ? ಹಿಂದಿನ ರಾತ್ರಿ ಮಲಗಲಾಗದೆ ಎದ್ದು ಕೂತಿದ್ದರೇ? ಜ್ವರ, ಬಿದ್ದ ಪೆಟ್ಟು, ಬೇರೆ ಆಸ್ಪತ್ರೆ? ಹಠಾತ್ ಸಾವೋ, ಹೃದಯ ಸೋತು ಬಂದ ಸಾವೋ ಎಂಬ ತೀರ್ಮಾನ ಈ ಉತ್ತರಗಳ ಮೇಲೆ ನಿಲ್ಲುತ್ತದೆ. ಮನೆಯವರು ಹೇಳಿದ್ದನ್ನು ವೈದ್ಯಕೀಯ ಭಾಷೆಗೆ ತಿದ್ದಬೇಡಿ, ಹೇಳಿದಂತೆಯೇ ಬರೆಯಿರಿ.

ಪ್ರಯೋಗ ಮುಗಿಸುವ ದಿನಾಂಕ ಸ್ಪಾನ್ಸರ್ ಕಡೆಯಿಂದ ಬಂದ ಮೇಲೆ, ಮಾತ್ರೆ ಬಿಟ್ಟವರೂ ಸೇರಿ ಸಂಪರ್ಕಕ್ಕೆ ಒಪ್ಪಿದ ಎಲ್ಲರಿಗೂ ಕೊನೆಯ ಕರೆ ಹೋಗಬೇಕು. ಆ ದಿನಾಂಕಕ್ಕೆ ಮುಂಚಿನ ಕರೆ ಲೆಕ್ಕಕ್ಕಿಲ್ಲ. ಮೂರೂ ನಂಬರ್ ಸತ್ತಿದ್ದರೆ ಸ್ಪೀಡ್ ಪೋಸ್ಟ್, ಅದೂ ವಾಪಸ್ ಬಂದರೆ ಒಪ್ಪಿಗೆ ಪತ್ರ ಅನುಮತಿಸಿದ್ದಲ್ಲಿ ಮನೆಗೇ ಹೋಗುವುದು. "ಚೆನ್ನಾಗಿದ್ದಾರೆ" ಎಂದು ಬರೆದರೆ ಸಾಲದು: ಯಾರ ಜೊತೆ ಮಾತಾಡಿದಿರಿ, ರೋಗಿಗೆ ಅವರೇನಾಗಬೇಕು, ಯಾವ ದಿನ ಎಷ್ಟು ಹೊತ್ತಿಗೆ ಎಂಬುದೂ ಇರಬೇಕು, ಕೆಳಗೆ ನಿಮ್ಮ ಸಹಿ, ದಿನಾಂಕ.